ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊರೆ ಎತ್ತಿಸುವ ಕೈ

ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದಕ್ಕೆ ಈ ಸಲ ಉತ್ತರ ಬರೆದಿದ್ದೇವೆ. ಹೆಸರು, ಹಳ್ಳಿ ಬಿಟ್ಟು ತಾಲ್ಲೂಕಷ್ಟೇ ಕೊಟ್ಟಿದ್ದೇವೆ. ಎರಡನೆಯ ಪತ್ರದಂಥ ಪರಿಸ್ಥಿತಿ ನಿಮ್ಮ ಮನೆಯಲ್ಲಿದ್ದರೆ ಮೊದಲು ಅದನ್ನೇ ಓದಿ.

ಅತ್ತೆಯವರಿಗೆ ಲಕ್ವಾ ಹೊಡೆದು ಎಂಟು ತಿಂಗಳು. ಎಡಗೈ, ಎಡಗಾಲು ಬಿದ್ದುಹೋಗಿವೆ. ಮನೆಯವರು ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ನಾನು ಚರ್ಚಿಗೆ ಹೋಗಿ ಮೂರು ತಿಂಗಳಾಯಿತು. ರಾತ್ರಿ ಬೈಬಲ್ ತೆರೆದರೆ ಎರಡು ವಚನಕ್ಕೇ ಕಣ್ಣು ಮುಚ್ಚುತ್ತವೆ. ಬಂದವರೆಲ್ಲ ‘ದೇವರು ನೋಡ್ಯಾನ, ತಾಳ್ಕೋವಾ’ ಅಂದು ಚಹಾ ಕುಡಿದು ಹೋಗುತ್ತಾರೆ. ಈಗ ಅತ್ತೆಯ ಬೆನ್ನಿನ ಕೆಳಗೆ ಕೆಂಪಾಗಿದೆ. ನನ್ನ ವಿಶ್ವಾಸವೇ ಆರಿಹೋಯಿತೇನೋ ಎಂದು ಭಯ.
(ಸಹೋದರಿ, ಹುಮನಾಬಾದ ತಾಲ್ಲೂಕು)

ತಂಗಿ, ಮೊದಲು ಆ ಕೆಂಪು ಜಾಗ ನೋಡೋಣ. ಅದು ಕಾಯುವಂಥದ್ದಲ್ಲ. ಬೆರಳಿನಿಂದ ಒತ್ತಿ ಬಿಡಿ. ಒಂದು ಗಳಿಗೆ ಬೆಳ್ಳಗಾಗಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ಜೀವದಿಂದಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದು ತಿಳಿಯಿರಿ. ಮೈಬಣ್ಣ ಕಪ್ಪಿದ್ದರೆ ಇದು ಕಣ್ಣಿಗೆ ಸರಿಯಾಗಿ ಕಾಣದು. ಆಗ ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಹೀಗಾಗುತ್ತದೆ. ಆದ್ದರಿಂದ ಮುಲಾಮಿಗಿಂತ ಮಗ್ಗುಲು ಬದಲಿಸುವುದೇ ಇದಕ್ಕೆ ದೊಡ್ಡ ಮದ್ದು.

ಎರಡು ತಾಸಿಗೊಮ್ಮೆ ಬದಲಿಸಿ: ಬಲಮಗ್ಗುಲು, ಅಂಗಾತ, ಎಡಮಗ್ಗುಲು. ಕೆಂಪು ಜಾಗ ಮಾಯುವವರೆಗೆ ಅಂಗಾತ ಮಲಗಿಸುವುದನ್ನು ಆದಷ್ಟು ಬಿಡಿ. ಮಗ್ಗುಲಿಗೆ ಹಾಕುವಾಗ ಪೂರ್ತಿ ಸೊಂಟದೆಲುಬಿನ ಮೇಲೆ ಭಾರ ಬೀಳದಂತೆ, ಕೌದಿಯನ್ನು ಮಡಚಿ ಬೆನ್ನಿಗೆ ಒತ್ತುಕೊಟ್ಟು ಸ್ವಲ್ಪವೇ ಓರೆ ಮಾಡಿ. ಎರಡು ಮೊಣಕಾಲಿನ ನಡುವೆ ಒಂದು ದಿಂಬು ಇರಲಿ. ಅಂಗಾತ ಮಲಗಿದಾಗ ಮೀನಖಂಡದ ಕೆಳಗೆ ಇನ್ನೊಂದು ದಿಂಬಿಡಿ, ಹಿಮ್ಮಡಿ ಹಾಸಿಗೆಗೆ ತಾಗದೆ ತೇಲಬೇಕು. ಮೇಲಕ್ಕೆ ಸರಿಸುವಾಗ ಮೈಯನ್ನು ಎಳೆಯಬೇಡಿ, ಚರ್ಮ ಕೀಳುತ್ತದೆ. ಕೆಳಗೊಂದು ಹಳೆಯ ಸೀರೆ ಹಾಸಿ ಇಬ್ಬರು ಆ ಸೀರೆಯನ್ನೇ ಹಿಡಿದು ಎತ್ತಿ ಸರಿಸಿ. ಬಿದ್ದ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಜಾರುತ್ತದೆ. ಕೆಂಪು ಜಾಗವನ್ನು ತಿಕ್ಕುವುದು, ಸ್ಪಿರಿಟ್ ಹಚ್ಚುವುದು, ನಡುವೆ ತೂತಿರುವ ಟ್ಯೂಬಿನ ಮೇಲೆ ಕೂರಿಸುವುದು, ಮೂರೂ ಬೇಡ. ಟ್ಯೂಬು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ಗಾಳಿ ಹಾಸಿಗೆ ಸಿಕ್ಕರೆ ಒಳ್ಳೆಯದು, ಆದರೆ ಅದಿದ್ದರೂ ಮಗ್ಗುಲು ಬದಲಿಸುವುದು ತಪ್ಪದು. ಚರ್ಮ ಒಡೆದರೆ, ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಉಣಿಸುವಾಗ ಬೆನ್ನು ನೆಟ್ಟಗಿರಲಿ, ಉಂಡ ಮೇಲೂ ಅರ್ಧ ತಾಸು ಹಾಗೇ ಕೂರಿಸಿ. ತುತ್ತನ್ನು ಬಾಯಿಯ ಬಲಭಾಗಕ್ಕೆ ಇಡಿ. ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ, ನೀರು ಗಂಟಲಲ್ಲಿ ಇಳಿಯದೆ ಪುಪ್ಪುಸಕ್ಕೆ ಹೋಗುತ್ತಿದೆ ಎಂದರ್ಥ. ವೈದ್ಯರಿಗೆ ತೋರಿಸುವವರೆಗೆ ಜೋಳದ ಅಂಬಲಿಯ ಹದಕ್ಕೆ ಗಟ್ಟಿ ಮಾಡಿದ್ದನ್ನೇ ಚಮಚದಿಂದ ಕೊಡಿ. ಬೇಳೆ, ಮೊಟ್ಟೆ, ಮೊಸರು ದಿನವೂ ಇರಲಿ. ಚರ್ಮ ಕೂಡಿಬರಲು ಅವು ಬೇಕೇ ಬೇಕು.

ಇನ್ನು ನಿಮ್ಮ ವಿಶ್ವಾಸದ ವಿಚಾರ. ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಲೀಯನು ಗಿಡದ ಕೆಳಗೆ ಬಿದ್ದು, ಸಾಕಪ್ಪಾ ಎಂದು ಸಾವು ಬೇಡುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಬೈಬಲ್ ತೆರೆದಾಗ ನಿಮಗೆ ಬರುವ ನಿದ್ದೆ ದಣಿದ ಮೈಯದು. ವಿಶ್ವಾಸ ಆರಿದ ಗುರುತಲ್ಲ.

ರಾತ್ರಿ ಓದುವುದನ್ನು ಸದ್ಯಕ್ಕೆ ಬಿಡಿ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡು ತಾಸಿಗೊಮ್ಮೆ ಎಂದರೆ ಎಂಟು ಸಲ ಮಗ್ಗುಲು ಬದಲಿಸುತ್ತೀರಿ. 121ನೆಯ ಕೀರ್ತನೆಯಲ್ಲಿರುವುದೂ ಎಂಟೇ ವಚನ. ಒಂದೊಂದು ಸಲಕ್ಕೆ ಒಂದೊಂದು ವಚನ, ಗಟ್ಟಿಯಾಗಿ. ಕಾಯುವಾತನು ತೂಕಡಿಸುವುದಿಲ್ಲ ಎಂಬ ಮಾತು ಆ ಕೀರ್ತನೆಯಲ್ಲೇ ಇದೆ, ಎಂದಮೇಲೆ ನೀವು ತೂಕಡಿಸಬಹುದು. ಎಡಭಾಗ ಬಿದ್ದವರಿಗೆ ಹೆಚ್ಚಾಗಿ ಮಾತು ಉಳಿದಿರುತ್ತದೆ. ಅತ್ತೆಯವರಿಗೆ ಕೀರ್ತನೆ ಬಾಯಿಪಾಠವಿದ್ದರೆ ಅವರೇ ಹೇಳಲಿ, ನೀವು ಆಮೆನ್ ಅನ್ನಿ. ಹಾಸಿಗೆ ಹಿಡಿದವರಿಗೂ ಆ ಮನೆಯಲ್ಲಿ ಒಂದು ಸೇವೆ ಸಿಕ್ಕಂತಾಯಿತು.

ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದ 2ನೆಯ ವಚನ ಒಬ್ಬರ ಭಾರವನ್ನೊಬ್ಬರು ಹೊರಬೇಕು ಅನ್ನುತ್ತದೆ, 5ನೆಯ ವಚನ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಅನ್ನುತ್ತದೆ. ಗ್ರೀಕ್ ಮೂಲದಲ್ಲಿ ಇವು ಬೇರೆ ಬೇರೆ ಪದ. ಮೊದಲನೆಯದು ‘ಬಾರೋಸ್’, ನೆಲಕ್ಕೆ ಅದುಮುವ ಭಾರ. ಎರಡನೆಯದು ‘ಫೋರ್ತಿಯೊನ್’, ಒಬ್ಬ ಆಳು ಹೊತ್ತು ನಡೆಯಬಹುದಾದ ಹೊರೆ. ಹೊಲದಿಂದ ಕಣಿಕೆ ತರುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಲೆಯ ಮೇಲೆ ಬಂದಮೇಲೆ ಹೊರೆಯನ್ನು ಎರಡು ಹರದಾರಿ ಬೇಕಾದರೂ ಒಬ್ಬಳೇ ಒಯ್ಯುತ್ತಾಳೆ. ಆದರೆ ನೆಲದಿಂದ ತಲೆಗೆ ಎತ್ತಿಸಲು ಇನ್ನೊಬ್ಬರ ಕೈ ಬೇಕು.

ಆ ಕೈಯನ್ನು ಹೆಸರಿಟ್ಟು ಕೇಳಿ. ‘ಏನಾದ್ರೂ ಸಹಾಯ ಮಾಡ್ರಿ’ ಅಂದರೆ ಯಾರೂ ಬರುವುದಿಲ್ಲ, ಏನು ಮಾಡಬೇಕೆಂದೇ ಅವರಿಗೆ ತಿಳಿಯದು. ‘ಅಕ್ಕಾ, ಬರೋ ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ನೀವು ಅತ್ತಿ ಹತ್ರ ಕೂಡ್ರಿ, ನಾ ಗುಡಿಗೆ ಹೋಗಿ ಬರ್ತೀನಿ’ ಅನ್ನಿ. ನಾಲ್ವರು ಒಪ್ಪಿದರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದೇ ಭಾನುವಾರ. ಗೋಡೆಗೊಂದು ಹಾಳೆ ಅಂಟಿಸಿ ಹೊತ್ತು, ಯಾವ ಮಗ್ಗುಲು, ಯಾರು ಬದಲಿಸಿದರು ಎಂದು ಬರೆಯಿರಿ. ಬಂದವರು ಅದನ್ನು ನೋಡಿ ಮುಂದುವರಿಸುತ್ತಾರೆ. ಮನೆಗೆ ಬಂದು ಕರ್ತನ ಭೋಜನ ಕೊಡುವಂತೆ ಚರ್ಚಿನ ಅಯ್ಯನವರಿಗೂ ಹೇಳಿಕಳಿಸಿ.

ತಮ್ಮನ ಮೂರು ಎಕರೆ ತೊಗರಿ ಹೂ-ಕಾಯಿಯ ಹೊತ್ತಿಗೆ ನೆಟೆ ರೋಗ ಬಿದ್ದು ಒಣಗಿತು. ಖಾಸಗಿ ಸಾಲ, ಸಂಘದ ಸಾಲ ಎರಡೂ ಇವೆ. ಪ್ರಾರ್ಥನಾಕೂಟದಲ್ಲಿ ಒಬ್ಬರು ‘ಎಲ್ಲೋ ಗುಪ್ತ ಪಾಪ ಅದ, ಉಪವಾಸ ಮಾಡು’ ಅಂದರು. ಅಂದಿನಿಂದ ಅವನು ಯಾರ ಜೊತೆಗೂ ಮಾತಿಲ್ಲ. ಮೊನ್ನೆ ‘ನಾ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ’ ಅಂದ. ಏನು ಹೇಳಿ ಧೈರ್ಯ ತುಂಬಲಿ?
(ಓದುಗರು, ಸೇಡಂ ತಾಲ್ಲೂಕು)

ಅಣ್ಣಾ, ಹೇಳುವುದಕ್ಕಿಂತ ಮೊದಲು ಕೇಳಿ, ಇವತ್ತೇ ಕೇಳಿ. ಪಕ್ಕದಲ್ಲಿ ಕೂತು ನೇರವಾಗಿ: ‘ಸಾಯಬೇಕು ಅನ್ನಿಸ್ತದೇನು ತಮ್ಮಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗೆ ಕಟ್ಟಿಕೊಂಡಿದ್ದು ಹೊರಬರಲು ದಾರಿಯಾಗುತ್ತದೆ. ಹೌದು ಅಂದರೆ ಬೈಯಬೇಡಿ, ನರಕದ ಮಾತು ಎತ್ತಬೇಡಿ. ಅವನನ್ನು ಹಗಲೂ ರಾತ್ರಿಯೂ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲೋ ಹೊಲದ ಗುಡಿಸಲಲ್ಲೋ ಇರುವ ಕ್ರಿಮಿನಾಶಕವನ್ನೆಲ್ಲ ಇಂದು ಸಂಜೆಯೊಳಗೆ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ. ಆ ಕೆಟ್ಟ ಗಳಿಗೆಯಲ್ಲಿ ಅದು ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. 14416 ಟೆಲಿ ಮನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೇ ಫೋನ್ ಹಚ್ಚಿ ಅವನ ಕೈಗೆ ಕೊಡಿ. ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿಗೆ ಮಾತ್ರೆ ತಿನ್ನುವುದು ಅವಿಶ್ವಾಸವಲ್ಲ.

‘ಗುಪ್ತ ಪಾಪ’ ಎಂಬ ಆ ಮಾತು ತಪ್ಪು, ಇದನ್ನು ನಾವು ಮುಲಾಜಿಲ್ಲದೆ ಹೇಳುತ್ತೇವೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳಿದರು, ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು. ಯೇಸುಸ್ವಾಮಿ ಎರಡನ್ನೂ ಅಲ್ಲಗಳೆದ. ಲೂಕ 13ರಲ್ಲಿ ಸಿಲೊವಾದ ಬುರುಜು ಬಿದ್ದು ಸತ್ತ 18 ಜನರ ವಿಷಯದಲ್ಲೂ ಅಷ್ಟೇ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದ.

ತೊಗರಿ ಒಣಗಿದ್ದಕ್ಕೆ ಕಾರಣ ಮಣ್ಣಿನಲ್ಲಿದೆ. ಇದು ಫ್ಯುಸೇರಿಯಂ ಎಂಬ ಶಿಲೀಂಧ್ರ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಮುಚ್ಚುತ್ತದೆ. ಒಣಗಿದ ಗಿಡ ಕಿತ್ತು ಬುಡದ ಕಡೆ ಕಾಂಡ ಸೀಳಿಸಿ ತಮ್ಮನಿಗೆ ತೋರಿಸಿ. ಒಳಗೆ ಕಂದುಗಪ್ಪು ಗೆರೆ ಉದ್ದಕ್ಕೆ ಓಡಿರುತ್ತದೆ. ಆ ಗೆರೆ ಕಣ್ಣಾರೆ ಕಂಡರೆ ‘ನನ್ನ ಪಾಪ’ ಎಂಬ ಭಾರ ಎಷ್ಟೋ ಇಳಿಯುತ್ತದೆ. ಶಿಲೀಂಧ್ರ ಬೇರು, ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದಕ್ಕೇ ಒಂದೇ ಹೊಲಕ್ಕೆ ವರ್ಷ ವರ್ಷ ತೊಗರಿಯನ್ನೇ ಹಾಕಿದರೆ ರೋಗ ಏರುತ್ತಲೇ ಹೋಗುತ್ತದೆ. ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಡಿ. ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕಿ. ತೊಗರಿಗೆ ಮರಳುವಾಗ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್, ಜಿಆರ್‌ಜಿ-811ರಂಥ ನೆಟೆ ತಾಳುವ ತಳಿ ಬಿತ್ತಿ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಎಂಬ ಜೈವಿಕ ಶಿಲೀಂಧ್ರನಾಶಕ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಬೇಕು. ರೋಗದ ಹೊಲದ ಬೀಜ ಉಳಿಸಿಕೊಳ್ಳಬೇಡಿ. ಸಭೆಯ ಗಂಡಸರು ನಾಲ್ವರು ಎರಡು ದಿನ ಮುಯ್ಯಾಳಾಗಿ ಬಂದು ಆ ಗಿಡ ಕೀಳಿಸಿದರೆ, ಕೂಟದಲ್ಲಿ ಅವನಿಗೆ ಆದ ಗಾಯಕ್ಕೆ ಅದಕ್ಕಿಂತ ಒಳ್ಳೆಯ ಔಷಧಿ ನಮಗೆ ತಿಳಿದಿಲ್ಲ.

ಫಸಲ್ ಬಿಮಾ (ಬೆಳೆ ವಿಮೆ) ಕಟ್ಟಿದ್ದರೆ ಒಂದು ಮಾತು. 72 ಗಂಟೆಯೊಳಗೆ ದೂರು ಕೊಡುವ ನಿಯಮ ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವುದು, ಕೊಯ್ದಿಟ್ಟ ಬೆಳೆಗೆ ಮಳೆ ಇಂಥವಕ್ಕೆ. ನೆಟೆಯ ನಷ್ಟ ಅದರಲ್ಲಿ ಬರುವುದಿಲ್ಲ. ಅದು ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿ ಇಳುವರಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಪ್ರಯೋಗ ಯಾವ ದಿನ, ಯಾರ ಹೊಲದಲ್ಲಿ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ನಾಲ್ಕು ರೈತರು ಎದುರಿಗೆ ನಿಲ್ಲಿ.

ಸಾಲವನ್ನು ಒಂದು ನೋಟಬುಕ್ಕಿನಲ್ಲಿ ಬರೆಯಿಸಿ: ಯಾರಿಗೆ, ಅಸಲು ಎಷ್ಟು, ಬಡ್ಡಿ ಎಷ್ಟು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ 36. ಹೆಚ್ಚು ಬಡ್ಡಿಯದ್ದು ಮೊದಲು ತೀರಬೇಕು, ಹಳೆಯದು ತೀರಿಸಲು ಹೊಸ ಸಾಲ ಬೇಡವೇ ಬೇಡ. ರಿಸರ್ವ್ ಬ್ಯಾಂಕ್ ಹಿಡಿತದಲ್ಲಿರುವ ಕಂಪನಿಗಳ ಕಿರುಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಕಿರುಕುಳವಾದರೆ 14448ಕ್ಕೆ ದೂರು ಕೊಡಬಹುದು. ಉಚಿತ ಕಾನೂನು ಸಲಹೆಗೆ 15100.

ಅದೇ ನೋಟಬುಕ್ಕಿನ ಇನ್ನೊಂದು ಪುಟದಲ್ಲಿ ಪ್ರಾರ್ಥನೆ ಬರೆಯಲಿ. ಹಬಕ್ಕೂಕ 3:17 ನೋಡಿ. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲದ ಬೆಳೆ, ಹಟ್ಟಿಯ ಕುರಿ, ಕೊಟ್ಟಿಗೆಯ ದನ. ಪ್ರವಾದಿ ಕಳೆದದ್ದನ್ನೆಲ್ಲ ಒಂದೊಂದಾಗಿ ಹೆಸರು ಹೇಳಿದ ಮೇಲೆಯೇ ದೇವರಲ್ಲಿ ಆನಂದಿಸುವ ಮಾತಿಗೆ ಬರುತ್ತಾನೆ. ನಿಮ್ಮ ತಮ್ಮನೂ ತೊಗರಿ, ಬಾವಿ, ಎತ್ತು ಎಂದು ಹೆಸರಿಟ್ಟು ಹೇಳಲಿ. 13ನೆಯ ಕೀರ್ತನೆಯಲ್ಲಿ ದಾವೀದ ‘ಎಲ್ಲಿಯವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ. ಹಾಗೆ ಕೇಳಲು ಇವನಿಗೂ ಹಕ್ಕಿದೆ. ಆನಂದದ ಮಾತು ಈ ತಿಂಗಳು ಬರದಿದ್ದರೆ ಅವಸರಪಡಿಸಬೇಡಿ. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಬೈಬಲಿನಲ್ಲಿದೆ.

ನಾವು ಯುವಜನ ಸಂಘದ 12 ಮಂದಿ. ಕ್ಷಯ ರೋಗಿಗಳಿಗೆ ಆಹಾರದ ಕಿಟ್ ಕೊಡಬೇಕೆಂದಿದ್ದೇವೆ. ಏನೇನು ಹಾಕಬೇಕು? ಜೊತೆಗೆ ಸುವಾರ್ತೆಯ ಕರಪತ್ರ ಇಡಬಹುದೇ?
(ಯುವಕರು, ಶಹಾಪುರ ತಾಲ್ಲೂಕು)

ಹತ್ತು ರೋಗಿಗಳಿಗೆ ಒಂದು ತಿಂಗಳು ಕೊಡುವ ಬದಲು ಇಬ್ಬರಿಗೆ ಆರು ತಿಂಗಳು ಕೊಡಿ. ಸಾಮಾನ್ಯ ಕ್ಷಯದ ಚಿಕಿತ್ಸೆ ಆರು ತಿಂಗಳದ್ದು, ಸರ್ಕಾರದ ನಿಕ್ಷಯ ಮಿತ್ರ ಯೋಜನೆಯೂ ಕನಿಷ್ಠ ಆರು ತಿಂಗಳ ಮಾತು ಕೇಳುತ್ತದೆ. ತಾಲ್ಲೂಕು ಆಸ್ಪತ್ರೆಯ ಕ್ಷಯ ಘಟಕಕ್ಕೆ ಹೋಗಿ ಹೆಸರು ನೋಂದಾಯಿಸಿ. ಒಪ್ಪಿಗೆ ಕೊಟ್ಟ ರೋಗಿಗಳನ್ನು ಅವರೇ ಜೋಡಿಸುತ್ತಾರೆ. ಆಶಾ ಕಾರ್ಯಕರ್ತೆಯಿಂದ ಪಟ್ಟಿ ಪಡೆದು ಬಾಗಿಲು ತಟ್ಟಬೇಡಿ. ಊರಿಗೆ ಗೊತ್ತಾಗಬಾರದೆಂದು ಎಷ್ಟೋ ಜನ ಮುಚ್ಚಿಟ್ಟಿರುತ್ತಾರೆ.

ದೊಡ್ಡವರಿಗೆ ತಿಂಗಳ ಬುಟ್ಟಿಯ ಅಳತೆ ಹೀಗೆ: ಧಾನ್ಯ 3 ಕಿಲೋ, ಬೇಳೆ-ಕಾಳು ಒಂದೂವರೆ ಕಿಲೋ, ಅಡುಗೆ ಎಣ್ಣೆ 250 ಗ್ರಾಂ, ಹಾಲಿನ ಪುಡಿ ಅಥವಾ ಶೇಂಗಾ 1 ಕಿಲೋ, ಸಾಧ್ಯವಾದರೆ 30 ಮೊಟ್ಟೆ. ಧಾನ್ಯಕ್ಕೆ ಜೋಳವೇ ನಡೆಯುತ್ತದೆ. ಬಿಸಿಲಿಗೆ ಹಾಳಾಗದ ಶೇಂಗಾ ನಮ್ಮ ಕಡೆಗೆ ಅನುಕೂಲ. ಬುಟ್ಟಿ ಇಡುವಾಗ ಮಾತ್ರೆ ನುಂಗುತ್ತಿದ್ದಾರೆಯೇ ಎಂದೂ ವಿಚಾರಿಸಿ. ಮಾತ್ರೆ ಶುರುವಾದಾಗ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಎಂದು ಹೆದರಿ ಬಿಡುವವರಿದ್ದಾರೆ. ಅದು ರಿಫಾಂಪಿಸಿನ್ ಔಷಧಿಯ ಬಣ್ಣ ಅಷ್ಟೇ. ಇನ್ನು ಕೆಲವರು ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಡುತ್ತಾರೆ. ಆಗ ರೋಗ ಮದ್ದಿಗೆ ಬಗ್ಗದ ರೂಪ ತಾಳಬಹುದು. ಕಣ್ಣು, ಮೈ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳಿಸಿ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಯಾಗಿದೆ. ಬರದಿದ್ದರೆ ಬ್ಯಾಂಕ್ ಖಾತೆಯ ವಿವರ ಸರಿಯಿದೆಯೇ ಎಂದು ಘಟಕದಲ್ಲಿ ವಿಚಾರಿಸಲು ಜೊತೆಗೆ ಹೋಗಿ. ತಟ್ಟೆ-ಲೋಟದಿಂದ ಕ್ಷಯ ಹರಡುವುದಿಲ್ಲ. ಪಡಸಾಲೆಯಲ್ಲೋ ಗಾಳಿಯಾಡುವ ಕಟ್ಟೆಯ ಮೇಲೋ ಕೂತು, ಕೊಟ್ಟ ನೀರು ಕುಡಿದು ಬನ್ನಿ.

ಕರಪತ್ರ ಬೇಡ. ಹಸಿದವರು ಬೇಡ ಅನ್ನಲಾರರು, ಬೇಡ ಅನ್ನಲಾಗದವರ ಕೈಗೆ ಇಟ್ಟದ್ದು ಸುವಾರ್ತೆಯಾಗುವುದಿಲ್ಲ. ಫೋಟೊನೂ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯ 6ರಲ್ಲಿ ಹೇಳಿದವನು ಮೊಬೈಲ್ ಹಿಡಿದ ಕೈಯನ್ನೂ ಸೇರಿಸಿಯೇ ಹೇಳಿದ್ದಾನೆ ಎಂದುಕೊಳ್ಳಿ.

ಸಭೆಯ ಕಷ್ಟನಿಧಿಯ ಖಜಾಂಚಿ ನಾನು. ನಮ್ಮಲ್ಲಿ ಕನ್ನಡದವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ‘ನಿಮ್ಮವರಿಗೇ ಕೊಡ್ತೀರಿ’ ಎಂಬ ದೂರು ಬಂದಿದೆ. ಒಂದು ಪೈಸೆ ಮುಟ್ಟಿಲ್ಲ. ನೊಂದು ಬಿಟ್ಟುಬಿಡೋಣ ಅನ್ನಿಸಿದೆ.
(ಓದುಗರು, ಬೀದರ ತಾಲ್ಲೂಕು)

ಆದಿ ಕ್ರೈಸ್ತ ಸಭೆಯಲ್ಲೇ ಈ ದೂರು ಬಂದಿತ್ತು. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟವೆದ್ದಿತು. ಆಗ ಆರಿಸಿದ ಏಳು ಜನರ ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳೇ. ದೂರಿದವರ ಕಡೆಯವರ ಕೈಗೇ ಉಗ್ರಾಣದ ಬೀಗದ ಕೈ ಬಂತು. ನೀವೂ ಹಾಗೇ ಮಾಡಿ. ದೂರು ಹೇಳಿದವರಲ್ಲೇ ಒಬ್ಬರನ್ನು ಕೊಡುವ ಸಮಿತಿಗೆ ತನ್ನಿ, ಒಬ್ಬ ಹೆಣ್ಣುಮಗಳೂ ಇರಲಿ.

ಪೆಟ್ಟಿಗೆಗೆ ಎರಡು ಬೀಗ, ಬೀಗದ ಕೈ ಇಬ್ಬರ ಮನೆಯಲ್ಲಿ. ಆರಾಧನೆ ಮುಗಿದ ಮೇಲೆ ಅಲ್ಲೇ ಮೇಜಿನ ಮೇಲೆ ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ. ಸಣ್ಣ ಮೊತ್ತವನ್ನು ಇಬ್ಬರೇ ಅಂದೇ ಕೊಡಬಹುದು ಎಂದು ಒಂದು ಮಿತಿ ಬರೆದಿಡಿ, ಇಲ್ಲದಿದ್ದರೆ ರಾತ್ರಿ ಆಸ್ಪತ್ರೆಗೆ ಓಡುವವರಿಗೆ ನಿಧಿ ಉಪಯೋಗಕ್ಕೆ ಬರುವುದಿಲ್ಲ. ತಿಂಗಳಿಗೊಮ್ಮೆ ಸಭೆಗೆ ಓದಿ ಹೇಳಿ: ಬಂದದ್ದೆಷ್ಟು, ಎಷ್ಟು ಮನೆಗೆ ಹೋಯಿತು, ಉಳಿದದ್ದೆಷ್ಟು. ಪಡೆದವರ ಹೆಸರು ಮಾತ್ರ ಓದಬಾರದು. ಸಾಲವಾಗಿ ಕೊಡಬೇಡಿ. ತೀರಿಸಲಾಗದವರು ನಾಚಿಕೆಯಿಂದ ಚರ್ಚಿಗೆ ಬರುವುದನ್ನೇ ಬಿಡುತ್ತಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಪೌಲನು ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನೂ ಕಳಿಸುತ್ತಾನೆ. ಇಷ್ಟು ದೊಡ್ಡ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು ಎಂಬುದೇ ಅವನ ಕಾಳಜಿ. ಲೆಕ್ಕ ಕೇಳಿದರೆ ನಿಮ್ಮನ್ನು ಸಂಶಯಪಟ್ಟರೆಂದಲ್ಲ. ಮತ್ತೊಂದು ಸಹಿ ನಿಮ್ಮ ತಲೆಯ ಹೊರೆಯನ್ನೇ ಹಗುರ ಮಾಡುತ್ತದೆ. ಬಿಡುವುದಾದರೂ ಎರಡು ವರ್ಷದ ಅವಧಿ ಎಂದು ನಿಯಮ ಮಾಡಿಸಿ, ಪುಸ್ತಕ ಒಪ್ಪಿಸಿ, ತಲೆಯೆತ್ತಿ ಬಿಡಿ.

ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮಾತ್ರೆ ತೆಗೆದುಕೊಳ್ಳುತ್ತೇನೆ. ಈಸ್ಟರಿಗೆ ಮುಂಚಿನ ಶ್ರಮದಿನಗಳಲ್ಲಿ 40 ದಿನ ಮಧ್ಯಾಹ್ನದವರೆಗೆ ಉಪವಾಸ ಮಾಡಬಹುದೇ?
(ಹಿರಿಯ ಓದುಗರು, ಕಲಬುರಗಿ)

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಬೇಡ, ಅಮ್ಮಾ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಕಣ್ಣು ಮಂಜು ಬರುತ್ತದೆ. ಹಾಗಾದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು.

ಯೆಶಾಯ 58ರಲ್ಲಿ ದೇವರು ಇಷ್ಟಪಡುವ ಉಪವಾಸ ಹಸಿದವನಿಗೆ ರೊಟ್ಟಿ ಮುರಿದು ಕೊಡುವುದು. ದಿನವೂ ಒಂದು ಹಿಡಿ ಜೋಳದ ಹಿಟ್ಟು ಬೇರೆ ಡಬ್ಬಿಗೆ ಹಾಕುತ್ತ ಬನ್ನಿ. ನಲವತ್ತು ಹಿಡಿ ಹಿಟ್ಟು ಒಂದು ಮನೆಗೆ ಹಲವು ದಿನದ ರೊಟ್ಟಿಯಾಗುತ್ತದೆ. ಸಂಜೆಯ ಚಹಾ, ಟಿವಿ ಧಾರಾವಾಹಿ ಬಿಟ್ಟು ಆ ಹೊತ್ತಿನಲ್ಲಿ ಹಾಸಿಗೆ ಹಿಡಿದವರೊಬ್ಬರ ಹತ್ತಿರ ಒಂದು ತಾಸು ಕೂತು ಬನ್ನಿ, ಅವರ ಸೊಸೆ ಅಷ್ಟು ಹೊತ್ತು ಮಲಗಲಿ. ಊಟದ ಹೊತ್ತು ಹಿಂದುಮುಂದು ಮಾಡಲೇಬೇಕೆಂದಿದ್ದರೆ ಶ್ರಮದಿನಗಳು ಶುರುವಾಗುವ ಎರಡು ವಾರ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ಮಾತ್ರೆಯ ಹೊತ್ತನ್ನೂ ಅವರಿಂದಲೇ ಬದಲಿಸಿಕೊಳ್ಳಿ.